ಬೆಳಕಿನಿಂದ ದ್ರವ್ಯ: ಫೋಟಾನ್‌ಗಳ ಸಂಘಟ್ಟನೆಯಲ್ಲಿ ಹುಟ್ಟುವ ಮೀಸಾನ್ ಅನುರಣನಗಳು

ಕತ್ತಲೆಯಲ್ಲಿ ಎರಡು ಟಾರ್ಚುಗಳ ಬೆಳಕನ್ನು ಅಡ್ಡಡ್ಡಲಾಗಿ ಹಾಯಿಸಿದರೆ ಒಂದು ಕಿರಣ ಇನ್ನೊಂದನ್ನು ತಡೆಯುವುದಿಲ್ಲ, ಬಾಗಿಸುವುದೂ ಇಲ್ಲ. ಎರಡೂ ತಮ್ಮ ತಮ್ಮ ದಾರಿಯಲ್ಲಿ ಸಾಗಿ ಎದುರಿನ ಗೋಡೆಯನ್ನು ಮುಟ್ಟುತ್ತವೆ. ಜಗತ್ತು ನಮಗೆ ಸ್ಪಷ್ಟವಾಗಿ ಕಾಣುತ್ತಿರುವುದಕ್ಕೆ ಬೆಳಕಿನ ಈ ಗುಣವೇ ಕಾರಣ. ಒಂದು ಕೋಣೆಯೊಳಗೆ ನಾನಾ ದಿಕ್ಕುಗಳಿಂದ ಬರುವ ಬೆಳಕು ಪರಸ್ಪರ ತಾಗಿ ಚದುರುವಂತಿದ್ದರೆ ಯಾವ ವಸ್ತುವಿನ ರೂಪವೂ ಕಣ್ಣಿಗೆ ಸರಿಯಾಗಿ ತಲುಪುತ್ತಿರಲಿಲ್ಲ. 19ನೆಯ ಶತಮಾನದಲ್ಲಿ ಮ್ಯಾಕ್ಸ್‌ವೆಲ್ ರೂಪಿಸಿದ ವಿದ್ಯುತ್ಕಾಂತ ಸಮೀಕರಣಗಳು ಹೇಳುವುದೂ ಇದನ್ನೇ. ಶೂನ್ಯಾವಕಾಶದಲ್ಲಿ ಎರಡು ಅಲೆಗಳು ಸೇರುವ ಕಡೆ ಅವುಗಳ ಮೊತ್ತವಿರುತ್ತದೆ. ಮುಂದೆ ಅವು ಮೊದಲಿನಂತೆಯೇ ಬೇರ್ಪಟ್ಟು ಹೋಗುತ್ತವೆ.

20ನೆಯ ಶತಮಾನದ ಕ್ವಾಂಟಮ್ ಭೌತವಿಜ್ಞಾನವು ಈ ಮಾತಿಗೆ ಒಂದು ಮಹತ್ವದ ತಿದ್ದುಪಡಿಯನ್ನು ತಂದಿತು. ಬೆಳಕಿನ ಕಣಗಳಾದ ಫೋಟಾನ್‌ಗಳಿಗೆ ತಕ್ಕಷ್ಟು ಶಕ್ತಿಯಿದ್ದರೆ, ಅವುಗಳಲ್ಲಿ ಎರಡು ಎದುರುಬದುರಾಗಿ ಬಂದು ಕೂಡಿದಾಗ ಬೆಳಕು ಅಳಿದು ದ್ರವ್ಯ ಹುಟ್ಟಬಲ್ಲುದು. ಹಾಗೆ ಹುಟ್ಟುವ ದ್ರವ್ಯರೂಪಗಳಲ್ಲಿ ಮೀಸಾನ್ ಎಂಬ ಕಣಗಳದು ಒಂದು ವಿಶೇಷ ವರ್ಗ. ಅವು ಹೇಗೆ ಹುಟ್ಟುತ್ತವೆ, ಎಲ್ಲ ಮೀಸಾನ್‌ಗಳೂ ಹೀಗೆ ಹುಟ್ಟಬಲ್ಲವೇ, ಅವುಗಳ ಹುಟ್ಟನ್ನು ಎಣಿಸುವುದರಿಂದ ದ್ರವ್ಯದ ಒಳರಚನೆಯ ಕುರಿತು ಏನು ತಿಳಿಯುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಬೆಳಕು ಬೆಳಕನ್ನು ತಾಗುವ ಬಗೆ

1934ರಲ್ಲಿ ಗ್ರೆಗರಿ ಬ್ರೈಟ್ ಮತ್ತು ಜಾನ್ ವೀಲರ್ ಅವರು ಎರಡು ಫೋಟಾನ್‌ಗಳು ಕೂಡಿ ಒಂದು ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಹುಟ್ಟುವ ಸಂಭಾವ್ಯತೆಯನ್ನು ಲೆಕ್ಕ ಹಾಕಿದರು. 1935–36ರಲ್ಲಿ ಹೈಸೆನ್‌ಬರ್ಗ್, ಆಯ್ಲರ್ ಮತ್ತು ಕಾಕೆಲ್ ಅವರು ಒಂದು ಬೆಳಕು ಇನ್ನೊಂದು ಬೆಳಕನ್ನು ಚದುರಿಸುವ ಸಾಧ್ಯತೆಯನ್ನು ಗಣಿತದಿಂದ ತೋರಿಸಿದರು. ಫೋಟಾನ್‌ಗೆ ಸ್ವತಃ ವಿದ್ಯುದಾವೇಶವಿಲ್ಲ. ಆದುದರಿಂದ ಅದು ಇನ್ನೊಂದು ಫೋಟಾನನ್ನು ನೇರವಾಗಿ ತಾಗಲಾರದು. ಆದರೆ ಆವೇಶವುಳ್ಳ ಕಣಗಳ ಒಂದು ಜೋಡಿ ನಡುವೆ ನಿಂತರೆ ಎರಡೂ ಫೋಟಾನ್‌ಗಳು ಆ ಜೋಡಿಯನ್ನು ತಾಗಬಲ್ಲವು. ಬೆಳಕು ಬೆಳಕಿನೊಡನೆ ವ್ಯವಹರಿಸುವುದು ಹೀಗೆ ಆವೇಶದ ಮಧ್ಯಸ್ಥಿಕೆಯಿಂದ.

ನಿತ್ಯಜೀವನದಲ್ಲಿ ಇದು ಕಾಣದಿರಲು ಶಕ್ತಿಯ ಕೊರತೆಯೇ ಕಾರಣ. ಕಣ್ಣಿಗೆ ಕಾಣುವ ಬೆಳಕಿನ ಒಂದು ಫೋಟಾನಿನ ಶಕ್ತಿ ಸುಮಾರು 2ರಿಂದ 3 ಎಲೆಕ್ಟ್ರಾನ್ ವೋಲ್ಟ್. ಒಂದು ಎಲೆಕ್ಟ್ರಾನಿನ ದ್ರವ್ಯರಾಶಿಗೆ ಸಮನಾದ ಶಕ್ತಿ 5 ಲಕ್ಷ 11 ಸಾವಿರ ಎಲೆಕ್ಟ್ರಾನ್ ವೋಲ್ಟ್. ಎಂದರೆ ಒಂದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿ ಹುಟ್ಟಬೇಕಾದರೆ ಎದುರುಬದುರು ಬರುವ ಪ್ರತಿಯೊಂದು ಫೋಟಾನೂ ಸಾಮಾನ್ಯ ಬೆಳಕಿನ ಫೋಟಾನಿಗಿಂತ ಸುಮಾರು ಎರಡು ಲಕ್ಷ ಪಟ್ಟು ಶಕ್ತಿಶಾಲಿಯಾಗಿರಬೇಕು. ಮೀಸಾನ್‌ಗಳ ಹುಟ್ಟಿಗೆ ಇದೂ ಸಾಲದು. ಅತ್ಯಂತ ಹಗುರವಾದ ಮೀಸಾನ್ ಆದ ತಟಸ್ಥ ಪಯಾನ್‌ನ ದ್ರವ್ಯರಾಶಿಯೇ 135 ಮೆಗಾ ಎಲೆಕ್ಟ್ರಾನ್ ವೋಲ್ಟ್, ಅಂದರೆ 13.5 ಕೋಟಿ ಎಲೆಕ್ಟ್ರಾನ್ ವೋಲ್ಟ್.

ಮೀಸಾನ್ ಮತ್ತು ಅನುರಣನ

ಮೀಸಾನ್ ಎಂಬ ಹೆಸರಿನ ಇತಿಹಾಸದಲ್ಲಿ ಭಾರತಕ್ಕೂ ಒಂದು ಪಾಲಿದೆ. 1935ರಲ್ಲಿ ಯುಕಾವಾ ಅವರು ಪರಮಾಣು ಬೀಜದ ಕಣಗಳನ್ನು ಹಿಡಿದಿಡುವ ಬಲಕ್ಕೆ ಎಲೆಕ್ಟ್ರಾನಿಗಿಂತ ಭಾರವಾದ, ಪ್ರೋಟಾನಿಗಿಂತ ಹಗುರವಾದ ಕಣವೊಂದು ಕಾರಣವಾಗಿರಬೇಕೆಂದು ಊಹಿಸಿದ್ದರು. ಇಂಥ ಮಧ್ಯಮ ತೂಕದ ಕಣಕ್ಕೆ ಆಗ ‘ಮೀಸೋಟ್ರಾನ್’ ಎಂಬ ಹೆಸರು ಬಳಕೆಯಲ್ಲಿತ್ತು. ‘ಮಧ್ಯ’ ಎಂಬ ಅರ್ಥದ ಗ್ರೀಕ್ ಧಾತುವಿಗೆ ಆ ಉದ್ದದ ಬಾಲ ಸಲ್ಲದು, ‘ಮೀಸಾನ್’ ಎಂದರೆ ಸಾಕು ಎಂದು 1939ರಲ್ಲಿ ಪತ್ರಿಕಾ ಟಿಪ್ಪಣಿಯೊಂದರಲ್ಲಿ ವಾದಿಸಿದವರು ಹೋಮಿ ಭಾಭಾ. ಅದೇ ವರ್ಷ ಭಾರತಕ್ಕೆ ಬಂದ ಅವರು ಯುದ್ಧದ ಕಾರಣದಿಂದ ಹಿಂದಿರುಗಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು.

ಇಂದಿನ ತಿಳಿವಳಿಕೆಯಂತೆ ಮೀಸಾನ್ ಎಂದರೆ ಒಂದು ಕ್ವಾರ್ಕ್ ಮತ್ತು ಒಂದು ಪ್ರತಿಕ್ವಾರ್ಕ್ ಪ್ರಬಲ ಬಲದಿಂದ ಬಂಧಿತವಾಗಿರುವ ಕಣ. 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಅವರು ಪ್ರತ್ಯೇಕವಾಗಿ ಮುಂದಿಟ್ಟ ಈ ಮಾದರಿಯ ಒಂದು ವಿಚಿತ್ರ ಅಂಶವೆಂದರೆ ಕ್ವಾರ್ಕ್‌ಗಳ ಆವೇಶ ಪೂರ್ಣಾಂಕವಲ್ಲದಿರುವುದು. ಪ್ರೋಟಾನಿನ ಆವೇಶವನ್ನು 1 ಎಂದಿಟ್ಟುಕೊಂಡರೆ ‘ಅಪ್’ ಕ್ವಾರ್ಕ್‌ನ ಆವೇಶ ಧನ 2/3; ‘ಡೌನ್’ ಮತ್ತು ‘ಸ್ಟ್ರೇಂಜ್’ ಕ್ವಾರ್ಕ್‌ಗಳದು ಋಣ 1/3. ಯಾವ ಕ್ವಾರ್ಕನ್ನೂ ಒಂಟಿಯಾಗಿ ಹೊರತೆಗೆದು ತೂಗಲು ಸಾಧ್ಯವಾಗಿಲ್ಲ. ಹಾಗಿದ್ದ ಮೇಲೆ ಮೀಸಾನಿನ ಒಳಗೆ ಅಡಗಿರುವ ಭಿನ್ನರಾಶಿಯ ಆವೇಶವನ್ನು ಪರೀಕ್ಷಿಸುವುದು ಹೇಗೆ? ಫೋಟಾನ್‌ಗಳ ಸಂಘಟ್ಟನೆ ಈ ಪ್ರಶ್ನೆಗೆ ಬಹಳ ನೇರವಾದ ಉತ್ತರವನ್ನು ಕೊಡುತ್ತದೆ. ಫೋಟಾನಿಗೆ ಪ್ರಬಲ ಬಲದ ಗೊಡವೆಯಿಲ್ಲ. ಅದು ಗುರುತಿಸುವುದು ಆವೇಶವನ್ನು ಮಾತ್ರ.

‘ಅನುರಣನ’ ಎಂಬುದು ಸಂಗೀತ ಬಲ್ಲವರಿಗೆ ಹೊಸ ಮಾತಲ್ಲ. ಶ್ರುತಿಗೂಡಿದ ತಂಬೂರಿಯ ಎದುರು ಅದರ ತಂತಿಯ ಸ್ವರವನ್ನೇ ಹಾಡಿದರೆ ಮೀಟದೆಯೇ ತಂತಿ ಮಿಡಿಯುತ್ತದೆ. ಸ್ವರ ಸ್ವಲ್ಪ ಸರಿದರೂ ಮಿಡಿತ ಕುಗ್ಗುತ್ತದೆ. ಕಣಗಳ ಲೋಕದಲ್ಲಿ ಸ್ವರದ ಸ್ಥಾನದಲ್ಲಿರುವುದು ಶಕ್ತಿ. ಎರಡು ಫೋಟಾನ್‌ಗಳ ಒಟ್ಟು ಶಕ್ತಿ ಒಂದು ಮೀಸಾನಿನ ದ್ರವ್ಯರಾಶಿಗೆ ಸರಿಹೊಂದಿದಾಗ ಆ ಮೀಸಾನ್ ಹುಟ್ಟುವ ಸಂಭಾವ್ಯತೆ ಥಟ್ಟನೆ ಏರುತ್ತದೆ, ಸರಿಹೊಂದದಿದ್ದಾಗ ಇಳಿಯುತ್ತದೆ. ಶಕ್ತಿಗೆ ಎದುರಾಗಿ ಘಟನೆಗಳ ಸಂಖ್ಯೆಯನ್ನು ಗುರುತಿಸಿದರೆ ಗುಡ್ಡದಂಥ ಒಂದು ಉಬ್ಬು ಕಾಣುತ್ತದೆ. ಗುಡ್ಡದ ನೆತ್ತಿ ಇರುವ ಜಾಗ ಮೀಸಾನಿನ ದ್ರವ್ಯರಾಶಿ. ಅದರ ಅಗಲ ಮೀಸಾನಿನ ಆಯುಸ್ಸಿನ ಸೂಚಕ: ಆಯುಸ್ಸು ಕಡಿಮೆಯಾದಷ್ಟೂ ಅಗಲ ಹೆಚ್ಚು. ‘ಎಫ್-2’ ಎಂಬ ಹೆಸರಿನ, ಸುಮಾರು 1275 ಮೆಗಾ ಎಲೆಕ್ಟ್ರಾನ್ ವೋಲ್ಟ್ ದ್ರವ್ಯರಾಶಿಯ ಮೀಸಾನಿನ ಅಗಲ ಸುಮಾರು 187 ಮೆಗಾ ಎಲೆಕ್ಟ್ರಾನ್ ವೋಲ್ಟ್. ಇದರಿಂದ ಲೆಕ್ಕ ಹಾಕಿದರೆ ಅದರ ಆಯುಸ್ಸು 3.5 × 10⁻²⁴ ಸೆಕೆಂಡಿನಷ್ಟು. ಇಂಥ ಕಣವನ್ನು ಯಾವ ಉಪಕರಣವೂ ನೇರವಾಗಿ ನೋಡಲಾರದು; ಅದು ಬಿಟ್ಟುಹೋಗುವ ಗುರುತು ಈ ಗುಡ್ಡ ಮಾತ್ರ. ಅಲ್ಪಾಯುಷಿ ಮೀಸಾನ್‌ಗಳನ್ನು ಅನುರಣನಗಳೆಂದು ಕರೆಯುವುದು ಈ ಕಾರಣದಿಂದ.

ಫೋಟಾನ್‌ಗಳ ಧಾರೆ ಎಲ್ಲಿಂದ?

ನೂರಾರು ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎರಡು ಫೋಟಾನ್ ಧಾರೆಗಳನ್ನು ಹೊಂದಿಸಿ ಡಿಕ್ಕಿ ಹೊಡೆಸುವುದು ಸುಲಭದ ಕೆಲಸವಲ್ಲ. ಇದಕ್ಕೆ ಬಳಸುದಾರಿಯನ್ನು ತೋರಿದ್ದು 1924ರಲ್ಲಿ ಎನ್ರಿಕೊ ಫರ್ಮಿ ಅವರ ಒಂದು ಸರಳ ಆಲೋಚನೆ. ವೇಗವಾಗಿ ಸಾಗುವ ಆವೇಶಯುಕ್ತ ಕಣದ ಸುತ್ತ ಇರುವ ವಿದ್ಯುತ್ ಕ್ಷೇತ್ರವು ಸಾಗುವ ದಿಕ್ಕಿನಲ್ಲಿ ಸಂಕುಚಿತವಾಗಿ ಒಂದು ಚಪ್ಪಟೆ ಬಿಲ್ಲೆಯಂತಾಗುತ್ತದೆ. ಎದುರಿಗಿರುವವರಿಗೆ ಅದು ಬೆಳಕಿನ ಒಂದು ಸ್ಫುರಣದಂತೆಯೇ ತೋರುತ್ತದೆ. ವೈಜ್‌ಸೇಕರ್ ಮತ್ತು ವಿಲಿಯಮ್ಸ್ ಅವರು 1934ರ ಹೊತ್ತಿಗೆ ಇದನ್ನು ಸಾಪೇಕ್ಷತಾ ಸಿದ್ಧಾಂತಕ್ಕೆ ಒಪ್ಪುವಂತೆ ಬೆಳೆಸಿದರು. ಇದರ ಪ್ರಕಾರ ಬೆಳಕಿನ ವೇಗಕ್ಕೆ ಸಮೀಪವಾಗಿ ಧಾವಿಸುವ ಒಂದು ಎಲೆಕ್ಟ್ರಾನ್ ತನ್ನೊಡನೆ ಫೋಟಾನ್‌ಗಳ ಒಂದು ಪರಿವಾರವನ್ನೇ ಕೊಂಡೊಯ್ಯುತ್ತಿರುತ್ತದೆ. ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಪರಸ್ಪರ ಹತ್ತಿರದಿಂದ ಹಾದುಹೋಗುವಾಗ ಈ ಎರಡು ಪರಿವಾರಗಳ ಫೋಟಾನ್‌ಗಳು ಸಂಧಿಸಬಲ್ಲವು.

ಈ ಫೋಟಾನ್‌ಗಳು ಸ್ವತಂತ್ರವಾದವಲ್ಲ. ಎಲೆಕ್ಟ್ರಾನಿನಿಂದ ಎರವಲು ಬಂದಂಥವು. ನಮ್ಮ ಪಠ್ಯಪುಸ್ತಕಗಳ ಬೆಳಕಿನ ಪಾಠದಲ್ಲಿ ಕನ್ನಡಿಯ ಹಿಂದೆ ಇರುವಂತೆ ತೋರುವ ಬಿಂಬವನ್ನು ‘ಮಿಥ್ಯ’ ಬಿಂಬವೆಂದು ಕರೆಯುವುದುಂಟು. ಆ ಮಾತನ್ನೇ ಇಲ್ಲಿಯೂ ಬಳಸಿ ಇವನ್ನು ಮಿಥ್ಯ ಫೋಟಾನ್‌ಗಳೆನ್ನಬಹುದು. ಎಲೆಕ್ಟ್ರಾನ್ ತನ್ನ ದಾರಿಯಿಂದ ಎಷ್ಟು ಕಡಿಮೆ ವಾಲುತ್ತದೆಯೋ ಅದು ಬಿಟ್ಟ ಫೋಟಾನ್ ಅಷ್ಟರ ಮಟ್ಟಿಗೆ ನೈಜ ಫೋಟಾನಿಗೆ ಸಮೀಪವಾಗಿರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ವಾಲುವಿಕೆ ಅತ್ಯಲ್ಪವಾದುದರಿಂದ ಇವು ನೈಜ ಫೋಟಾನ್‌ಗಳಂತೆಯೇ ವರ್ತಿಸುತ್ತವೆ.

ಈ ವಿಧಾನದಿಂದ ಮೀಸಾನ್ ಉತ್ಪಾದಿಸುವ ಸಲಹೆಯನ್ನು 1960ರಲ್ಲಿ ಮುಂದಿಟ್ಟವರು ಫ್ರಾನ್ಸಿಸ್ ಲೋ. ಅವರ ಗುರಿ ತಟಸ್ಥ ಪಯಾನಿನ ಆಯುಸ್ಸನ್ನು ಅಳೆಯುವುದಾಗಿತ್ತು. ಈ ಕಣ ಹುಟ್ಟಿದ ಮೇಲೆ 8.3 × 10⁻¹⁷ ಸೆಕೆಂಡಿನಷ್ಟರಲ್ಲಿ ಸಾಮಾನ್ಯವಾಗಿ ಎರಡು ಫೋಟಾನ್‌ಗಳಾಗಿ ಒಡೆದುಹೋಗುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕು ಕೂಡ ಕ್ರಮಿಸುವ ದೂರ ಒಂದು ಮಿಲಿಮೀಟರಿನ 40 ಸಾವಿರದಲ್ಲಿ ಒಂದು ಭಾಗ ಮಾತ್ರ. ಅದರ ಸಾವಿನ ವೇಗವನ್ನು ಅಳೆಯುವುದು ಕಷ್ಟ. ಆದರೆ ಕ್ವಾಂಟಮ್ ನಿಯಮಗಳು ಕಾಲದ ಹಿಮ್ಮುಖ ಚಲನೆಗೂ ಅನ್ವಯಿಸುವುದರಿಂದ, ಪಯಾನ್ ಎರಡು ಫೋಟಾನ್‌ಗಳಾಗಿ ಒಡೆಯುವ ಒಲವು ಎಷ್ಟಿದೆಯೋ ಎರಡು ಫೋಟಾನ್‌ಗಳು ಕೂಡಿ ಪಯಾನ್ ಆಗುವ ಒಲವೂ ಅಷ್ಟೇ ಇರಬೇಕು. ಹಾಗಾಗಿ ಸಾವನ್ನು ಅಳೆಯುವ ಬದಲು ಹುಟ್ಟನ್ನು ಎಣಿಸಿದರಾಯಿತು. ಹೆನ್ರಿ ಪ್ರಿಮಾಕಾಫ್ ಅವರು 1951ರಲ್ಲಿ ಇದೇ ಬಗೆಯ ಇನ್ನೊಂದು ದಾರಿಯನ್ನು ಸೂಚಿಸಿದ್ದರು: ಅಲ್ಲಿ ಒಂದು ಫೋಟಾನ್ ನೈಜವಾದುದು, ಇನ್ನೊಂದು ಭಾರವಾದ ಪರಮಾಣು ಬೀಜದ ವಿದ್ಯುತ್ ಕ್ಷೇತ್ರದಿಂದ ಬಂದುದು.

ಪ್ರಯೋಗಶಾಲೆಯಲ್ಲಿ

ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳು ನೇರವಾಗಿ ಡಿಕ್ಕಿ ಹೊಡೆದು ನಾಶವಾಗುವ ಘಟನೆಗಳು ಶಕ್ತಿ ಏರಿದಂತೆ ವಿರಳವಾಗುತ್ತವೆ. ಎರಡು ಫೋಟಾನ್‌ಗಳ ಘಟನೆಗಳು ಮೂಲತಃ ಅಪರೂಪವಾದರೂ ಶಕ್ತಿ ಏರಿದಂತೆ ನಿಧಾನವಾಗಿ ಹೆಚ್ಚುತ್ತವೆ. ಇನ್ನೊಂದು ಅನುಕೂಲವೂ ಇದೆ. ನೇರ ನಾಶದ ಪ್ರಯೋಗದಲ್ಲಿ ಒಂದೊಂದು ಕಣಕ್ಕೂ ಯಂತ್ರದ ಶಕ್ತಿಯನ್ನು ಬೇರೆಬೇರೆಯಾಗಿ ಹೊಂದಿಸಬೇಕಾಗುತ್ತದೆ. ಮಿಥ್ಯ ಫೋಟಾನ್‌ಗಳ ಪರಿವಾರದಲ್ಲಿ ಎಲ್ಲ ಶಕ್ತಿಗಳ ಫೋಟಾನ್‌ಗಳೂ ಇರುವುದರಿಂದ ಯಂತ್ರವನ್ನು ಒಂದೇ ಶಕ್ತಿಯಲ್ಲಿ ನಡೆಸುತ್ತಿದ್ದರೂ ಹಗುರದಿಂದ ಭಾರದವರೆಗಿನ ಮೀಸಾನ್‌ಗಳು ಒಟ್ಟಿಗೆ ದೊರೆಯುತ್ತವೆ.

ಈ ಘಟನೆಗಳನ್ನು ಗುರುತಿಸುವ ಉಪಾಯ ಸರಳ. ಫೋಟಾನ್‌ಗಳನ್ನು ಬಿಟ್ಟ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಬಹುತೇಕ ನೇರವಾಗಿ ಮುಂದೆ ಸಾಗಿ ಧಾರೆಯ ಕೊಳವೆಯೊಳಗೇ ಕಣ್ಮರೆಯಾಗುತ್ತವೆ. ಶೋಧಕಕ್ಕೆ ಸಿಗುವುದು ಮೀಸಾನ್ ಒಡೆದು ಬಂದ ಕೆಲವೇ ಕಣಗಳು. ಅವುಗಳ ಒಟ್ಟು ಶಕ್ತಿ ಯಂತ್ರದ ಶಕ್ತಿಗಿಂತ ಬಹಳ ಕಡಿಮೆ ಇರುತ್ತದೆ. ಧಾರೆಗೆ ಅಡ್ಡಲಾದ ದಿಕ್ಕಿನಲ್ಲಿ ಅವುಗಳ ಸಂವೇಗಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಶೂನ್ಯವಾಗುತ್ತದೆ. ಈ ಎರಡು ಲಕ್ಷಣಗಳಿಂದ ಅವನ್ನು ಉಳಿದ ಘಟನೆಗಳ ರಾಶಿಯಿಂದ ಹೆಕ್ಕಿ ತೆಗೆಯಬಹುದು.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ‘ಸ್ಪಿಯರ್’ ಎಂಬ ಸಂಚಯ ಉಂಗುರದಲ್ಲಿ ‘ಮಾರ್ಕ್-2’ ಶೋಧಕದ ತಂಡವು 1979ರಲ್ಲಿ ಈಟಾ-ಪ್ರೈಮ್ ಎಂಬ 958 ಮೆಗಾ ಎಲೆಕ್ಟ್ರಾನ್ ವೋಲ್ಟ್ ದ್ರವ್ಯರಾಶಿಯ ಮೀಸಾನ್ ಎರಡು ಫೋಟಾನ್‌ಗಳಿಂದ ಹುಟ್ಟುವುದನ್ನು ಕಂಡಿತು. ಅನಂತರ ಜರ್ಮನಿ, ಅಮೆರಿಕ ಮತ್ತು ಜಪಾನಿನ ಉಂಗುರಗಳಲ್ಲಿ ಇಂಥ ಮೀಸಾನ್‌ಗಳ ಸಾಲೇ ಕಾಣಿಸಿತು. ಲೋ ಅವರ ಮೂಲ ಸಲಹೆ ಕೈಗೂಡಲು ಮಾತ್ರ 28 ವರ್ಷಗಳು ಬೇಕಾದವು. ಪಯಾನ್ ಒಡೆದು ಬರುವ ಎರಡು ಫೋಟಾನ್‌ಗಳ ಶಕ್ತಿ ತೀರ ಕಡಿಮೆಯಿರುವುದರಿಂದ ಅವನ್ನು ಹಿಡಿಯುವುದು ಕಷ್ಟ. ‘ಕ್ರಿಸ್ಟಲ್ ಬಾಲ್’ ಎಂಬ, ಸೋಡಿಯಂ ಅಯೋಡೈಡಿನ 672 ಹರಳುಗಳನ್ನು ಗೋಳಾಕಾರವಾಗಿ ಜೋಡಿಸಿ ಮಾಡಿದ ಶೋಧಕವನ್ನು ಹ್ಯಾಂಬರ್ಗ್‌ನ ‘ಡೋರಿಸ್’ ಉಂಗುರದಲ್ಲಿ ಅಳವಡಿಸಿದ್ದ ತಂಡವು 1988ರಲ್ಲಿ ಈ ಅಳತೆಯನ್ನು ಪ್ರಕಟಿಸಿತು.

ಯಾವುದು ಹುಟ್ಟಬಹುದು, ಯಾವುದು ಹುಟ್ಟಬಾರದು

ಎರಡು ಫೋಟಾನ್‌ಗಳಿಂದ ಎಲ್ಲ ಮೀಸಾನ್‌ಗಳೂ ಹುಟ್ಟುವುದಿಲ್ಲ. ಇದನ್ನು ನಿರ್ಧರಿಸುವ ನಿಯಮಗಳು ಎರಡು.

ಮೊದಲನೆಯದು ಕಣ ಮತ್ತು ಪ್ರತಿಕಣಗಳ ಅದಲುಬದಲಿಗೆ ಸಂಬಂಧಿಸಿದುದು. ಎಲ್ಲ ಕಣಗಳನ್ನೂ ಅವುಗಳ ಪ್ರತಿಕಣಗಳಿಂದ ಬದಲಿಸಿದರೆ ವಿದ್ಯುತ್ ಕ್ಷೇತ್ರದ ದಿಕ್ಕು ತಿರುಗುತ್ತದೆ. ಹಾಗಾಗಿ ಒಂದು ಫೋಟಾನಿಗೆ ಋಣ ಚಿಹ್ನೆ. ಎರಡು ಫೋಟಾನ್‌ಗಳಿದ್ದರೆ ಋಣವನ್ನು ಋಣದಿಂದ ಗುಣಿಸಿ ಧನ. ಈ ಚಿಹ್ನೆ ಸಂಘಟ್ಟನೆಯಲ್ಲಿ ಬದಲಾಗದು. ಆದುದರಿಂದ ಹುಟ್ಟುವ ಮೀಸಾನಿನ ಚಿಹ್ನೆಯೂ ಧನವಾಗಿರಲೇಬೇಕು. 1974ರಲ್ಲಿ ಚಾರ್ಮ್ ಕ್ವಾರ್ಕ್‌ನ ಇರವನ್ನು ಸಾರಿದ ಪ್ರಸಿದ್ಧ ಜೆ/ಸೈ ಮೀಸಾನಿನ ಚಿಹ್ನೆ ಋಣ. ಅದು ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ನೇರ ನಾಶದಲ್ಲಿ ಹೇರಳವಾಗಿ ಸಿಗುತ್ತದೆ. ಎರಡು ಫೋಟಾನ್‌ಗಳು ಕೂಡಿ ಅದೊಂದೇ ಆಗಿ ಮಾರ್ಪಡುವುದಿಲ್ಲ. ಅದೇ ಕುಟುಂಬದ ಈಟಾ-ಸಿ ಮೀಸಾನಿನ ಚಿಹ್ನೆ ಧನವಾದುದರಿಂದ ಅದು ಹುಟ್ಟುತ್ತದೆ. ಹೀಗೆ ಈ ಎರಡು ವಿಧಾನಗಳು ಒಂದಕ್ಕೊಂದು ಪೂರಕ. ಒಂದರ ಕುರುಡುಜಾಗ ಇನ್ನೊಂದಕ್ಕೆ ಕಾಣುತ್ತದೆ.

ಎರಡನೆಯ ನಿಯಮವನ್ನು 1948ರಲ್ಲಿ ಲಂಡಾವ್ ಮತ್ತು 1950ರಲ್ಲಿ ಯಾಂಗ್ ಅವರು ನಿರೂಪಿಸಿದರು. ಸ್ಪಿನ್ 1 ಇರುವ ಯಾವ ಕಣವೂ ಎರಡು ನೈಜ ಫೋಟಾನ್‌ಗಳಾಗಿ ಒಡೆಯಲಾರದು. ಅವುಗಳಿಂದ ಹುಟ್ಟಲೂ ಆರದು. ಇದರ ಬುಡದಲ್ಲಿರುವುದು 1924ರಲ್ಲಿ ಸತ್ಯೇಂದ್ರನಾಥ ಬೋಸ್ ಅವರು ಢಾಕಾದಲ್ಲಿದ್ದಾಗ ಮುಂದಿಟ್ಟ ವಿಚಾರ: ಒಂದು ಫೋಟಾನಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ, ಅವನ್ನು ಅದಲುಬದಲು ಮಾಡಿದರೂ ಸ್ಥಿತಿ ಬದಲಾಗುವುದಿಲ್ಲ. ಎರಡು ಫೋಟಾನ್‌ಗಳ ಚಲನೆಯ ದಿಕ್ಕು ಒಂದು, ಅವುಗಳ ಧ್ರುವೀಕರಣದ ದಿಕ್ಕುಗಳು ಎರಡು. ಈ ಮೂರು ದಿಕ್ಕುಗಳಿಂದ ಸ್ಪಿನ್ 1ಕ್ಕೆ ಬೇಕಾದ ಒಂದು ಸದಿಶವನ್ನು ಕಟ್ಟಬೇಕು. ಅದು ಅದಲುಬದಲಿನಲ್ಲಿ ಬದಲಾಗದೆಯೂ ಇರಬೇಕು. ಫೋಟಾನಿನ ಧ್ರುವೀಕರಣ ಯಾವಾಗಲೂ ಚಲನೆಗೆ ಲಂಬವಾಗಿರುವುದರಿಂದ ಅಂಥ ಸದಿಶ ಸಾಧ್ಯವೇ ಇಲ್ಲವೆಂದು ಲೆಕ್ಕ ಹಾಕಿದಾಗ ತಿಳಿಯುತ್ತದೆ. ಆದುದರಿಂದ ಎರಡು ಫೋಟಾನ್‌ಗಳ ಪ್ರಯೋಗದಲ್ಲಿ ಮುಖ್ಯವಾಗಿ ಎದುರಾಗುವುದು ಸ್ಪಿನ್ 0 ಮತ್ತು ಸ್ಪಿನ್ 2ರ ಮೀಸಾನ್‌ಗಳು.

ಇಲ್ಲಿ ಒಂದು ಸೊಗಸಾದ ಪರೀಕ್ಷೆ ಇದೆ. ಎಲೆಕ್ಟ್ರಾನ್ ಗಣನೀಯವಾಗಿ ವಾಲಿದ ಘಟನೆಗಳಲ್ಲಿ ಅದು ಶೋಧಕಕ್ಕೆ ಸಿಗುತ್ತದೆ. ಆಗ ಅದು ಬಿಟ್ಟ ಫೋಟಾನ್ ನೈಜ ಫೋಟಾನಿನಿಂದ ದೂರವಿರುತ್ತದೆ, ಮೇಲಿನ ನಿಷೇಧ ಅದಕ್ಕೆ ಅನ್ವಯಿಸದು. 1980ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ‘ಪೆಪ್’ ಉಂಗುರದ ಪ್ರಯೋಗಗಳು ಇಂಥ ಘಟನೆಗಳಲ್ಲಿ ಮಾತ್ರ ಎಫ್-1 ಎಂಬ ಸ್ಪಿನ್ 1ರ ಮೀಸಾನ್ ತಲೆದೋರುವುದನ್ನು ಕಂಡವು. ಎರಡೂ ಫೋಟಾನ್‌ಗಳು ನೈಜಕ್ಕೆ ಸಮೀಪವಿದ್ದಾಗ ಕಾಣದ ಗುಡ್ಡ, ಒಂದು ಫೋಟಾನ್ ಮಿಥ್ಯವಾದಾಗ ಕಾಣುವುದೆಂದರೆ ಆ ಕಣದ ಸ್ಪಿನ್ 1 ಎಂಬುದಕ್ಕೆ ಅದು ಬಲವಾದ ಸಾಕ್ಷ್ಯ.

ಆವೇಶದ ತಕ್ಕಡಿ

ಮೀಸಾನ್ ಎಷ್ಟು ಸಲ ಹುಟ್ಟಿತು ಎಂಬ ಎಣಿಕೆಯಿಂದ ಅದರ ‘ಎರಡು ಫೋಟಾನ್ ಅಗಲ’ ದೊರೆಯುತ್ತದೆ. ಇದು ಒಟ್ಟು ಅಗಲದಲ್ಲಿ ಎರಡು ಫೋಟಾನ್‌ಗಳಿಗೆ ಸಲ್ಲುವ ಪಾಲು. ಎಫ್-2 ಮೀಸಾನಿಗೆ ಇದು ಸುಮಾರು 2.6 ಕಿಲೊ ಎಲೆಕ್ಟ್ರಾನ್ ವೋಲ್ಟ್, ಅಂದರೆ ಲಕ್ಷ ಎಫ್-2ಗಳಲ್ಲಿ ಒಂದೋ ಎರಡೋ ಮಾತ್ರ ಎರಡು ಫೋಟಾನ್‌ಗಳಾಗಿ ಒಡೆಯುತ್ತವೆ. ಇಷ್ಟು ವಿರಳವಾದುದನ್ನು ಅಳೆಯಲು ಅದನ್ನೇ ಹುಡುಕಬೇಕಾಗಿಲ್ಲ. ಎರಡು ಫೋಟಾನ್‌ಗಳಿಂದ ಹುಟ್ಟಿದ ಎಫ್-2 ಹೆಚ್ಚಾಗಿ ಒಡೆಯುವುದು ಎರಡು ಪಯಾನ್‌ಗಳಾಗಿ. ಅವನ್ನು ಎಣಿಸಿದರೆ ಸಾಕು.

ಈ ಅಗಲದಿಂದ ಕ್ವಾರ್ಕ್‌ಗಳ ಆವೇಶವನ್ನು ಓದುವ ಬಗೆಯನ್ನು ಒಂದು ಉದಾಹರಣೆಯಿಂದ ನೋಡಬಹುದು. ಎಫ್-2, ಎ-2 ಮತ್ತು ಎಫ್-2-ಪ್ರೈಮ್ ಎಂಬುವು ಸ್ಪಿನ್ 2ರ ಮೂರು ಸೋದರ ಮೀಸಾನ್‌ಗಳು. ಎಫ್-2ರಲ್ಲಿ ಅಪ್ ಜೋಡಿ ಮತ್ತು ಡೌನ್ ಜೋಡಿ ಸಮಪಾಲಿನಲ್ಲಿ ಕೂಡಿಕೊಂಡಿವೆ. ಎ-2ರಲ್ಲಿಯೂ ಸಮಪಾಲೇ, ಆದರೆ ನಡುವಿನ ಚಿಹ್ನೆ ಋಣ. ಎಫ್-2-ಪ್ರೈಮ್ ಹೆಚ್ಚುಕಡಿಮೆ ಪೂರ್ತಿಯಾಗಿ ಸ್ಟ್ರೇಂಜ್ ಜೋಡಿ. ಎರಡು ಫೋಟಾನ್‌ಗಳು ಕ್ವಾರ್ಕ್‌ನ ಆವೇಶವನ್ನು ಒಂದೊಂದು ಸಲ ತಾಗುವುದರಿಂದ ಪ್ರತಿ ಜೋಡಿಯ ಕೊಡುಗೆ ಅದರ ಆವೇಶದ ವರ್ಗ. ಅಪ್ ಜೋಡಿಗೆ 4/9, ಡೌನ್ ಮತ್ತು ಸ್ಟ್ರೇಂಜ್ ಜೋಡಿಗಳಿಗೆ 1/9. ಎಫ್-2ರಲ್ಲಿ ಕೂಡಿಸಿದರೆ 5/9, ಎ-2ರಲ್ಲಿ ಕಳೆದರೆ 3/9, ಎಫ್-2-ಪ್ರೈಮ್‌ನಲ್ಲಿ 1/9. ಸಂಭಾವ್ಯತೆ ದೊರೆಯುವುದು ಇವನ್ನು ಮತ್ತೆ ವರ್ಗ ಮಾಡಿದಾಗ. ಮೊದಲ ಎರಡರಲ್ಲಿ ಎರಡೆರಡು ಜೋಡಿಗಳು ಸಮಪಾಲಿನಲ್ಲಿರುವುದರಿಂದ ಅರ್ಧದಿಂದ ಗುಣಿಸಬೇಕು. ಹೀಗೆ ಮೂರರ ಅಗಲಗಳು 25 : 9 : 2ರ ಅನುಪಾತದಲ್ಲಿರಬೇಕು.

ಪ್ರಯೋಗದಲ್ಲಿ ಕಂಡ ಅಗಲಗಳು ಸುಮಾರು 2.6, 1.0 ಮತ್ತು 0.08 ಕಿಲೊ ಎಲೆಕ್ಟ್ರಾನ್ ವೋಲ್ಟ್. ಮೊದಲ ಎರಡರ ಅನುಪಾತ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ಮೂರನೆಯದು ನಿರೀಕ್ಷೆಗಿಂತ ಕಡಿಮೆ. ಎಫ್-2-ಪ್ರೈಮ್‌ನಲ್ಲಿ ಅಪ್ ಮತ್ತು ಡೌನ್ ಜೋಡಿಗಳ ಅಲ್ಪ ಬೆರಕೆಯಿದ್ದು ಅದು ಸ್ಟ್ರೇಂಜ್ ಜೋಡಿಯ ಕೊಡುಗೆಯನ್ನು ಭಾಗಶಃ ಅಳಿಸಿದರೂ ಹೀಗಾಗಬಲ್ಲುದು. ಆವೇಶ ಭಿನ್ನರಾಶಿಯಾಗಿರುವುದು ಮಾತ್ರವಲ್ಲ, ಮೀಸಾನಿನೊಳಗೆ ಯಾವ ಕ್ವಾರ್ಕ್ ಎಷ್ಟು ಪಾಲಿನಲ್ಲಿದೆ ಎಂಬುದೂ ಈ ಎಣಿಕೆಯಿಂದ ಹೊರಬರುತ್ತದೆ.

ತಟಸ್ಥ ಪಯಾನಿನ ಅಗಲ ಇನ್ನೂ ಆಳವಾದ ವಿಷಯವನ್ನು ಹೇಳುತ್ತದೆ. 1969ರಲ್ಲಿ ಆಡ್ಲರ್, ಹಾಗೂ ಬೆಲ್ ಮತ್ತು ಜಾಕಿವ್ ಅವರು ಬೆಳಕಿಗೆ ತಂದ ಒಂದು ಕ್ವಾಂಟಮ್ ಪರಿಣಾಮದಿಂದ ಈ ಅಗಲವನ್ನು ಲೆಕ್ಕ ಹಾಕಬಹುದು. ಪ್ರತಿ ಬಗೆಯ ಕ್ವಾರ್ಕ್‌ಗೂ ಮೂರು ‘ಬಣ್ಣ’ಗಳಿವೆ ಎಂದು ಹಿಡಿದರೆ ಉತ್ತರ ಸುಮಾರು 7.75 ಎಲೆಕ್ಟ್ರಾನ್ ವೋಲ್ಟ್. ಅದೇ ಆವೇಶಗಳನ್ನಿಟ್ಟುಕೊಂಡು ಒಂದೇ ಬಣ್ಣವೆಂದು ಹಿಡಿದರೆ ಅದರ ಒಂಬತ್ತನೆಯ ಒಂದು ಭಾಗ. ಕ್ರಿಸ್ಟಲ್ ಬಾಲ್ ತಂಡದ ಅಳತೆ 7.7, ಅಮೆರಿಕದ ಜೆಫರ್‌ಸನ್ ಪ್ರಯೋಗಾಲಯದಲ್ಲಿ ಪ್ರಿಮಾಕಾಫ್ ವಿಧಾನದಿಂದ ಪಡೆದು 2020ರಲ್ಲಿ ಪ್ರಕಟವಾದ ಅಳತೆ 7.80. ಕಣ್ಣಿಗೆ ಕಾಣದ ಕ್ವಾರ್ಕ್‌ಗಳ ಬಣ್ಣಗಳು ಮೂರು ಎಂಬುದಕ್ಕೆ ಇದಕ್ಕಿಂತ ಸರಳವಾದ ಪುರಾವೆಗಳು ಹೆಚ್ಚಿಲ್ಲ.

ಇಲ್ಲದಿರುವುದೂ ಒಂದು ಸುಳಿವು

ಪ್ರಬಲ ಬಲವನ್ನು ಸಾಗಿಸುವ ಗ್ಲೂಆನ್‌ಗಳು ತಮ್ಮತಮ್ಮೊಳಗೇ ಬಂಧಿತವಾಗಿ ಕ್ವಾರ್ಕ್‌ಗಳಿಲ್ಲದ ಕಣಗಳಾಗಬಲ್ಲವೆಂದು ಸಿದ್ಧಾಂತ ಹೇಳುತ್ತದೆ. ಇವುಗಳಿಗೆ ‘ಗ್ಲೂಬಾಲ್’ ಎಂದು ಹೆಸರು. ಸಾಮಾನ್ಯ ಮೀಸಾನ್‌ಗಳ ನಡುವೆ ಇವನ್ನು ಗುರುತಿಸುವುದು ಬಹಳ ಕಷ್ಟ. ಗ್ಲೂಆನ್‌ಗಳಿಗೆ ವಿದ್ಯುದಾವೇಶವಿಲ್ಲ; ಆದುದರಿಂದ ಶುದ್ಧ ಗ್ಲೂಬಾಲ್ ಇದ್ದರೆ ಅದು ಎರಡು ಫೋಟಾನ್‌ಗಳಿಂದ ಅತಿ ವಿರಳವಾಗಿ ಮಾತ್ರ ಹುಟ್ಟಬೇಕು. ಬೇರೆ ಪ್ರಯೋಗಗಳಲ್ಲಿ ಧಾರಾಳವಾಗಿ ಕಾಣುವ ಕಣವೊಂದು ಇಲ್ಲಿ ಕಾಣದಿದ್ದರೆ ಅದರ ಮೇಲೆ ಸಂಶಯ ಮೂಡುತ್ತದೆ. ಯುರೋಪಿನ ಸರ್ನ್ ಸಂಸ್ಥೆಯ ‘ಲೆಪ್’ ಉಂಗುರದಲ್ಲಿ ‘ಅಲೆಫ್’ ತಂಡವು ಎಫ್-0(1500) ಎಂಬ ಕಣವನ್ನು ಎರಡು ಫೋಟಾನ್‌ಗಳಿಂದ ಹುಟ್ಟುವ ಪಯಾನ್ ಜೋಡಿಗಳಲ್ಲಿ ಹುಡುಕಿ ಕಾಣಲಿಲ್ಲ. ಈ ಗೈರುಹಾಜರಿಯೂ ಆ ಕಣವನ್ನು ಗ್ಲೂಬಾಲಿನ ಉಮೇದುವಾರರ ಪಟ್ಟಿಯಲ್ಲಿ ಉಳಿಸಿರುವ ವಾದಗಳಲ್ಲಿ ಒಂದು. ಆದರೆ ಇಂಥ ಕಣಗಳಲ್ಲಿ ಗ್ಲೂಆನ್ ಮತ್ತು ಕ್ವಾರ್ಕ್‌ಗಳು ಬೆರೆತಿರಬಹುದಾದುದರಿಂದ ತೀರ್ಪು ಅಷ್ಟು ಸುಲಭವಲ್ಲ.

ಎಫ್-0(980) ಎಂಬ ಮೀಸಾನಿನದು ಇನ್ನೊಂದು ಬಗೆಯ ಸಮಸ್ಯೆ. ಅದರ ಎರಡು ಫೋಟಾನ್ ಅಗಲ ಸುಮಾರು 0.3 ಕಿಲೊ ಎಲೆಕ್ಟ್ರಾನ್ ವೋಲ್ಟ್. ಅಪ್ ಮತ್ತು ಡೌನ್ ಜೋಡಿಗಳ ಸಾಮಾನ್ಯ ಮೀಸಾನ್ ಆಗಿದ್ದರೆ ಸರಳ ಕ್ವಾರ್ಕ್ ಮಾದರಿ ಇದಕ್ಕಿಂತ ಬಹಳ ಹೆಚ್ಚಿನ ಅಗಲವನ್ನು ನಿರೀಕ್ಷಿಸುತ್ತದೆ. ಅದು ಸ್ಟ್ರೇಂಜ್ ಜೋಡಿಯೋ, ನಾಲ್ಕು ಕ್ವಾರ್ಕ್‌ಗಳ ಕೂಟವೋ, ಎರಡು ಕೇಯಾನ್‌ಗಳು ಸಡಿಲವಾಗಿ ಅಂಟಿಕೊಂಡ ಅಣುವಿನಂಥ ರಚನೆಯೋ ಎಂಬ ಚರ್ಚೆ ದಶಕಗಳಿಂದ ನಡೆದಿದೆ.

ಭಾರವಾದ ಮೀಸಾನ್‌ಗಳ ಕಡೆಗೂ ಈ ವಿಧಾನ ಫಲ ಕೊಟ್ಟಿದೆ. ಜಪಾನಿನ ತ್ಸುಕುಬಾದಲ್ಲಿದ್ದ ‘ಬೆಲ್’ ಪ್ರಯೋಗವು ಎರಡು ಫೋಟಾನ್‌ಗಳಿಂದ ಹುಟ್ಟುವ ಡಿ-ಮೀಸಾನ್ ಜೋಡಿಗಳಲ್ಲಿ ಸುಮಾರು 3929 ಮೆಗಾ ಎಲೆಕ್ಟ್ರಾನ್ ವೋಲ್ಟ್ ಬಳಿ ಒಂದು ಹೊಸ ಗುಡ್ಡವನ್ನು ಕಂಡು 2006ರಲ್ಲಿ ಪ್ರಕಟಿಸಿತು. ಡಿ-ಮೀಸಾನ್‌ಗಳು ಹೊರಬಿದ್ದ ಕೋನಗಳ ಹಂಚಿಕೆ ಅದರ ಸ್ಪಿನ್ 2 ಎಂದು ಸೂಚಿಸಿತು. ಚಾರ್ಮ್ ಕ್ವಾರ್ಕ್ ಮತ್ತು ಅದರ ಪ್ರತಿಕ್ವಾರ್ಕ್‌ಗಳ ಬಹುಕಾಲ ನಿರೀಕ್ಷಿಸಿದ್ದ ಒಂದು ಉದ್ರಿಕ್ತ ಸ್ಥಿತಿ ಹೀಗೆ ದೊರೆಯಿತು.

ಸೂಕ್ಷ್ಮದರ್ಶಕವಾಗಿ ಮಿಥ್ಯ ಫೋಟಾನ್

ಒಂದು ಫೋಟಾನ್ ನೈಜಕ್ಕೆ ಸಮೀಪವಿದ್ದು ಇನ್ನೊಂದು ಹೆಚ್ಚು ಮಿಥ್ಯವಾಗಿದ್ದರೆ ಆ ಎರಡನೆಯದು ಸೂಕ್ಷ್ಮದರ್ಶಕದಂತೆ ಕೆಲಸ ಮಾಡುತ್ತದೆ. ಎಲೆಕ್ಟ್ರಾನ್ ಹೆಚ್ಚು ವಾಲಿದಷ್ಟೂ ಮೀಸಾನಿನ ಒಳಗಿನ ಹೆಚ್ಚು ಕಿರಿದಾದ ವಿವರ ಅದರಿಂದ ತಿಳಿಯುತ್ತದೆ. ಪಯಾನಿನ ಮೇಲೆ ಇಂಥ ಅಳತೆಯನ್ನು ಮಾಡಿದ ಅಮೆರಿಕದ ‘ಬಾಬರ್’ ತಂಡದ 2009ರ ಫಲಿತಾಂಶ ಭೌತವಿಜ್ಞಾನಿಗಳನ್ನು ಅಚ್ಚರಿಗೊಳಿಸಿತು. ಸಿದ್ಧಾಂತದ ಪ್ರಕಾರ ಒಂದು ಮಿತಿಗೆ ಬಂದು ನಿಲ್ಲಬೇಕಾಗಿದ್ದ ಪ್ರಮಾಣವು ಮಿತಿಯನ್ನು ದಾಟಿ ಏರುತ್ತಲೇ ಹೋಗುವಂತೆ ತೋರಿತು. ಬೆಲ್ ತಂಡ 2012ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಅಂಥ ಸ್ಪಷ್ಟ ಏರಿಕೆ ಕಾಣಲಿಲ್ಲ. ಎರಡರ ನಡುವಿನ ಭಿನ್ನತೆಯನ್ನು ನಿರ್ಧರಿಸಲು ಇನ್ನೂ ಹೆಚ್ಚಿನ ದತ್ತಾಂಶ ಬೇಕಾಗಿದೆ.

ಇದು ಪಯಾನಿಗಷ್ಟೇ ಸೀಮಿತವಾದ ಪ್ರಶ್ನೆಯಲ್ಲ. ಎಲೆಕ್ಟ್ರಾನಿನ ಭಾರವಾದ ಸೋದರನಾದ ಮ್ಯೂಆನ್ ಒಂದು ಕಿರು ಕಾಂತದಂತೆ ವರ್ತಿಸುತ್ತದೆ. ಅಮೆರಿಕದ ಫರ್ಮಿಲ್ಯಾಬ್ 2021ರಿಂದ ಹಂತಹಂತವಾಗಿ ಪ್ರಕಟಿಸಿ 2025ರಲ್ಲಿ ಪೂರ್ಣಗೊಳಿಸಿದ ಅಳತೆಗಳು ಈ ಕಾಂತಗುಣವನ್ನು ಅತ್ಯಂತ ನಿಖರವಾಗಿ ನಿರ್ಧರಿಸಿವೆ. ಅಳತೆಯನ್ನು ಸಿದ್ಧಾಂತದೊಡನೆ ಹೋಲಿಸಿದಾಗ ನಿಜವಾದ ಭಿನ್ನತೆ ಕಂಡರೆ ಅದು ಇನ್ನೂ ತಿಳಿಯದ ಕಣಗಳ ಸುಳಿವಾಗಬಲ್ಲುದು. ಆದರೆ ಸಿದ್ಧಾಂತದ ಲೆಕ್ಕದಲ್ಲಿ ಮ್ಯೂಆನಿನ ಸುತ್ತಣ ಮಿಥ್ಯ ಫೋಟಾನ್‌ಗಳು ನಡುನಡುವೆ ಪಯಾನ್, ಈಟಾ, ಈಟಾ-ಪ್ರೈಮ್‌ಗಳಾಗಿ ಮಾರ್ಪಟ್ಟು ಮತ್ತೆ ಫೋಟಾನ್‌ಗಳಾಗುವ ಒಂದು ಭಾಗವಿದೆ. ಆ ಭಾಗವನ್ನು ಭದ್ರಪಡಿಸುವ ಮಾರ್ಗಗಳಲ್ಲಿ ಒಂದು ಎರಡು ಫೋಟಾನ್‌ಗಳ ಪ್ರಯೋಗಗಳ ಅಳತೆ. ಬೀಜಿಂಗ್‌ನ ‘ಬಿಇಎಸ್-3’ ಪ್ರಯೋಗ ಈ ಕೆಲಸದಲ್ಲಿ ತೊಡಗಿದೆ.

ಮುಂದಿನ ದಾರಿ

ಎಲೆಕ್ಟ್ರಾನಿನ ಬದಲು ಭಾರವಾದ ಪರಮಾಣು ಬೀಜಗಳನ್ನು ಬಳಸುವುದು ಇತ್ತೀಚಿನ ಬೆಳವಣಿಗೆ. ಸೀಸದ ಬೀಜದಲ್ಲಿ 82 ಪ್ರೋಟಾನ್‌ಗಳಿವೆ. ಅದರ ಫೋಟಾನ್ ಪರಿವಾರ ಆವೇಶದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಎರಡು ಸೀಸದ ಬೀಜಗಳು ಪರಸ್ಪರ ತಾಗದೆ ಹಾದುಹೋಗುವಾಗ ಎರಡು ಫೋಟಾನ್‌ಗಳ ಸಂಘಟ್ಟನೆ 82ರ ನಾಲ್ಕನೆಯ ಘಾತದಷ್ಟು, ಅಂದರೆ ಸುಮಾರು ನಾಲ್ಕೂವರೆ ಕೋಟಿ ಪಟ್ಟು ವರ್ಧಿಸುತ್ತದೆ. ಸರ್ನ್‌ನ ‘ಅಟ್ಲಾಸ್’ ತಂಡವು ಈ ವಿಧಾನದಿಂದ ಬೆಳಕು ಬೆಳಕನ್ನು ಚದುರಿಸುವುದಕ್ಕೆ 2017ರಲ್ಲಿ ಮೊದಲ ಸಾಕ್ಷ್ಯವನ್ನೂ 2019ರಲ್ಲಿ ನಿಶ್ಚಿತ ವೀಕ್ಷಣೆಯನ್ನೂ ಪ್ರಕಟಿಸಿತು. ಹೈಸೆನ್‌ಬರ್ಗ್ ಮತ್ತು ಆಯ್ಲರ್ ಅವರ ಲೆಕ್ಕಕ್ಕೆ ಎಂಬತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ದೊರೆತ ಉತ್ತರವಿದು.

ಮೀಸಾನ್‌ಗಳ ಅಧ್ಯಯನದಲ್ಲಿ ಇಂದಿನ ನಿರೀಕ್ಷೆ ಹೆಚ್ಚಾಗಿ ತ್ಸುಕುಬಾದ ‘ಬೆಲ್-2’ ಪ್ರಯೋಗದ ಮೇಲಿದೆ. ಅದರಲ್ಲಿ ಭಾರತದ ಹಲವು ಸಂಸ್ಥೆಗಳ ವಿಜ್ಞಾನಿಗಳು ಪಾಲುಗೊಂಡಿದ್ದಾರೆ. ಶೋಧಕದ ಒಳಭಾಗದ ಸಿಲಿಕಾನ್ ಪದರಗಳಲ್ಲಿ ನಾಲ್ಕನೆಯದರ ಹೊಣೆಯನ್ನು ಹೊತ್ತದ್ದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಮೀಸಾನ್ ಎಂಬ ಹೆಸರಿಗಾಗಿ ವಾದಿಸಿದ ಭಾಭಾ ಅವರು 1945ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿ ಅದೇ ವರ್ಷ ಮುಂಬಯಿಗೆ ಕೊಂಡೊಯ್ದ ಸಂಸ್ಥೆಯದು. ಪಯಾನಿನ ಒಳರಚನೆಯ ಕುರಿತು ಬಾಬರ್ ಮತ್ತು ಬೆಲ್ ತಂಡಗಳ ನಡುವೆ ಉಳಿದಿರುವ ಭಿನ್ನತೆ ಯಾವ ಕಡೆಗೆ ತೀರ್ಮಾನವಾಗುವುದು, ಎಫ್-0(980)ರ ಒಳಗೆ ಇರುವುದು ಏನು ಎಂಬ ಪ್ರಶ್ನೆಗಳು ಈ ಹೊಸ ದತ್ತಾಂಶಕ್ಕಾಗಿ ಕಾದಿವೆ.